ಜೈರೋ ಒಳ್ಳೆಯದಾ, ಬರೀ ಶೋಕಿನಾ?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಬಗ್ಗೆ ಇವೆ. ಜೈರೋ, ಅಂದರೆ ಫೋನನ್ನೋ ಕಂಟ್ರೋಲರನ್ನೋ ಕೈಯಲ್ಲೇ ವಾಲಿಸಿ, ತಿರುಗಿಸಿ ಆಟದಲ್ಲಿ ಗುರಿ ಇಡುವುದು. ಯಾರೋ ಒಬ್ಬರು ಶುರು ಮಾಡಿದ ಜಗಳ ಎಲ್ಲ ಊರಿಗೂ ಹರಡಿದ ಹಾಗಿದೆ. ಹಾಗಾಗಿ ಪುಟ ಪೂರ್ತಿ ಅದಕ್ಕೇ. ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಿರಿ.

ಅಕ್ಕ, ನಾನು ಬಿಜಿಎಂಐ, ಕಾಲ್ ಆಫ್ ಡ್ಯೂಟಿ ಮೊಬೈಲ್ ಎರಡೂ ಶೂಟಿಂಗ್ ಆಟ ಆಡ್ತೀನಿ. ಹಾಸ್ಟೆಲ್‌ನಲ್ಲಿ ಎಲ್ಲರೂ ಜೈರೋ ಆನ್ ಮಾಡು ಅಂತ ತಲೆ ತಿಂತಾರೆ. ಆನ್ ಮಾಡಿದೆ. ಗುರಿ ಒಂದು ಕಡೆ ನಿಲ್ಲೋದೇ ಇಲ್ಲ. ಇದು ನಿಜವಾಗಲೂ ಉಪಯೋಗಕ್ಕೆ ಬರುತ್ತಾ, ಇಲ್ಲ ಬರೀ ಶೋಕಿನಾ? ನನಗೆ ಸರಿಹೋಗುತ್ತೋ ಇಲ್ವೋ ಅಂತ ಹೇಗೆ ತೀರ್ಮಾನ ಮಾಡಲಿ?
– ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಎರಡು ಪುಟ ಬರೆದಿದ್ದೀರಿ, ಮುಖ್ಯವಾದದ್ದನ್ನೇ ಬಿಟ್ಟಿದ್ದೀರಿ. ಜೈರೋ ಸೆನ್ಸಿಟಿವಿಟಿ, ಅಂದರೆ ಕೈ ಆಡಿದ್ದಕ್ಕೆ ಗುರಿ ಎಷ್ಟು ಆಡಬೇಕು ಅನ್ನುವ ಸಂಖ್ಯೆ, ಎಷ್ಟಿಟ್ಟಿದ್ದೀರಿ? ನನ್ನ ಊಹೆ ಹೇಳಲಾ? ಯಾರೋ ಯೂಟ್ಯೂಬಿನವರ ಸೆನ್ಸಿಟಿವಿಟಿ ಕೋಡ್ ಹಾಕಿಕೊಂಡಿದ್ದೀರಿ. ಅದರಲ್ಲಿ 300, 400 ಅಂತ ಸಂಖ್ಯೆಗಳಿವೆ. ಆ ಹುಡುಗರು ವರ್ಷಗಟ್ಟಲೆ ಅದರಲ್ಲೇ ಆಡಿದವರು. ಅವರ ಕೈ ಬೇರೆ, ಫೋನ್ ಬೇರೆ, ಕೂರುವ ರೀತಿಯೂ ಬೇರೆ. ಅವರ ಸಂಖ್ಯೆ ತಗೊಂಡು ನೀವೇನು ಮಾಡುತ್ತೀರಿ?

ಜೈರೋ ಶೋಕಿ ಅಲ್ಲ. ಅದು ಯಾಕೆ ಕೆಲಸಕ್ಕೆ ಬರುತ್ತದೆ ಅಂತ ಗೊತ್ತಾದರೆ ತೀರ್ಮಾನ ಸುಲಭ. ಕಂಟ್ರೋಲರಿನಲ್ಲಿ ಹೆಬ್ಬೆರಳಿಂದ ತಳ್ಳುವ ಸ್ಟಿಕ್ ಇರುತ್ತದಲ್ಲ, ಅದು ಆಟದ ಕ್ಯಾಮೆರಾಗೆ, ಅಂದರೆ ನಿಮ್ಮ ನೋಟಕ್ಕೆ ಹೇಳುವುದು "ಇಷ್ಟು ವೇಗದಲ್ಲಿ ತಿರುಗುತ್ತಾ ಇರು" ಅಂತ. ನಲ್ಲಿ ತಿರುಗಿಸಿ ಬಿಂದಿಗೆ ತುಂಬಿಸಿದ ಹಾಗೆ. ಸರಿಯಾದ ಹೊತ್ತಿಗೆ ನಿಲ್ಲಿಸದಿದ್ದರೆ ಚೆಲ್ಲುತ್ತದೆ. ಮೌಸ್ ಹಾಗಲ್ಲ. "ಇಷ್ಟು ದೂರ ತಿರುಗು, ಸಾಕು" ಅನ್ನುತ್ತದೆ. ಕೈ ನಿಂತರೆ ಗುರಿಯೂ ನಿಂತಿತು. ಜೈರೋ ಈ ಮೌಸಿನ ಜಾತಿಗೆ ಸೇರಿದ್ದು. ಫೋನ್ 5 ಡಿಗ್ರಿ ತಿರುಗಿದರೆ ಆಟದೊಳಗೆ ಅದಕ್ಕೆ ತಕ್ಕಷ್ಟೇ ಡಿಗ್ರಿ ತಿರುಗುತ್ತದೆ.

ಗಾಜಿನ ಮೇಲೆ ಬೆರಳು ಎಳೆಯುವುದೂ ಹೀಗೇ ಅಲ್ವಾ ಅಂತ ನೀವು ಕೇಳಬಹುದು. ಹೌದು. ಆದರೆ ಬೆರಳಿಗೆ ಸ್ಕ್ರೀನಿನ ಅಂಚು ಅಡ್ಡ ಬರುತ್ತದೆ, ಬೆವರಿದರೆ ಅಂಟುತ್ತದೆ, ಜೊತೆಗೆ ಗುಂಡು ಹಾರಿಸುವುದಕ್ಕೂ ಅದೇ ಬೆರಳು ಬೇಕು. ಜೈರೋ ಆ ಬೆರಳಿನ ಕೆಲಸ ಹಂಚಿಕೊಳ್ಳುತ್ತದೆ. ದೊಡ್ಡ ತಿರುವು ಹೆಬ್ಬೆರಳಿಗೆ, ಕೊನೆಯ ಸಣ್ಣ ತಿದ್ದುಪಡಿ ಮಣಿಕಟ್ಟಿಗೆ. ಜೈರೋ ಒಂದರಲ್ಲೇ ಸುತ್ತ ತಿರುಗಲು ಹೊರಟವರು ಪಕ್ಕದ ಮಂಚದವನ ಮುಖಕ್ಕೆ ಮೊಣಕೈ ಕೊಡುತ್ತಾರೆ, ಅಷ್ಟೇ.

ಈಗ ಪರೀಕ್ಷೆ. ಎಷ್ಟು ಕಿಲ್ ಬಂತು ಅಂತ ನೋಡಿ ಜೈರೋಗೆ ಮಾರ್ಕ್ಸ್ ಕೊಡಬೇಡಿ. ಎದುರಿಗೆ ಬಾಟ್ (ಕಂಪ್ಯೂಟರ್ ಆಡಿಸುವ ಶತ್ರು) ಬಂದಿತ್ತೋ, ಪಿಂಗ್ (ನೆಟ್ ತಡ) ಹೇಗಿತ್ತೋ, ಯಾರಿಗೆ ಗೊತ್ತು. ನಾನು ಬೆಂಗಳೂರಿನಲ್ಲಿ ಗೇಮ್ ಟೆಸ್ಟಿಂಗ್ ಕೆಲಸದಲ್ಲಿದ್ದಾಗ ನಮ್ಮ ಗುಂಪು ನಂಬುತ್ತಿದ್ದದ್ದು ಆಟದೊಳಗಿನ ಗೋಡೆಯನ್ನು. ಗೋಡೆ ಓಡಿಹೋಗುವುದಿಲ್ಲ, ಸುಳ್ಳೂ ಹೇಳುವುದಿಲ್ಲ.

ಬಿಜಿಎಂಐನಲ್ಲಿ ಜೈರೋವನ್ನು "ಸ್ಕೋಪ್ ಆನ್"ಗೆ ಇಡಿ. "ಆಲ್ವೇಸ್ ಆನ್" ಸದ್ಯಕ್ಕೆ ಬೇಡ. ಯಾಕೆ ಅಂದರೆ, ಸ್ಕೋಪ್ (ಬಂದೂಕಿನ ದುರ್ಬೀನು) ಮುಚ್ಚಿದಾಗ ಜೈರೋ ಮಲಗುತ್ತದೆ, ಆ ಬಿಡುವಿನಲ್ಲಿ ಕೈಯನ್ನು ಆರಾಮದ ಜಾಗಕ್ಕೆ ವಾಪಸ್ ತರಬಹುದು. ಮೌಸ್ ಪ್ಯಾಡಿನ ತುದಿಗೆ ಬಂದಾಗ ಮೌಸ್ ಎತ್ತಿ ಮತ್ತೆ ನಡುವೆ ಇಡುತ್ತೀರಲ್ಲ, ಅದೇ ಕೆಲಸ. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಕೈ ತಿರುಚಿಕೊಂಡೇ ಆಟ ಪೂರ್ತಿ ಆಡಿ, ಕೊನೆಗೆ ಜೈರೋ ಸರಿಯಿಲ್ಲ ಅನ್ನುತ್ತಾರೆ.

ಟ್ರೈನಿಂಗ್ ಗ್ರೌಂಡ್‌ಗೆ ಹೋಗಿ ಸ್ಕೋಪ್ ತೆರೆದು ಫೋನನ್ನು ಮೇಜಿನ ಮೇಲೆ ಅಂಗಾತ ಇಡಿ. ಗುರಿ ನೆಲ ನೋಡಿದರೂ ಪರವಾಗಿಲ್ಲ. ಅಲ್ಲೇ ನಿಂತಿದೆಯಾ ಅನ್ನುವುದು ಮುಖ್ಯ. ಯಾರೂ ಮುಟ್ಟದೆ ಅದು ಪಕ್ಕಕ್ಕೆ ಜರುಗುತ್ತಿದ್ದರೆ ತಪ್ಪು ನಿಮ್ಮ ಕೈಯದ್ದಲ್ಲ, ಸೆನ್ಸರಿನದ್ದು. ಜೈರೋ ಅಳೆಯುವುದು ತಿರುಗುವ ವೇಗವನ್ನು, ಕೋನವನ್ನಲ್ಲ. ಸುಮ್ನೆ ಕೂತಾಗಲೂ ಅದಕ್ಕೆ ಸೊನ್ನೆ ಸರಿಯಾಗಿ ಗೊತ್ತಿಲ್ಲದಿದ್ದರೆ ಆ ಚೂರುಪಾರು ತಪ್ಪು ಕೂಡುತ್ತಾ ಹೋಗಿ ಗುರಿ ತೇಲುತ್ತದೆ. ಫೋನ್ ಬಿಸಿಯಾದಾಗ ಇದು ಜಾಸ್ತಿಯಾಗಬಹುದು. ಸಮತಟ್ಟಾದ ಜಾಗದಲ್ಲಿಟ್ಟು ಕ್ಯಾಲಿಬ್ರೇಟ್ ಮಾಡಿ ಮತ್ತೆ ನೋಡಿ.

ಮುಂದೆ, ಗೋಡೆಯ ಮೇಲೆ ಒಂದು ಚಿಕ್ಕ ಗುರುತು ಆರಿಸಿಕೊಳ್ಳಿ. ಹೆಬ್ಬೆರಳಿನಿಂದ ಅದರ ಹತ್ತಿರ ಬನ್ನಿ, ಉಳಿದ ಗೇಣು ಜಾಗವನ್ನು ಕೈ ವಾಲಿಸಿ ಮುಗಿಸಿ. ಎಲ್ಲಿ ನಿಂತಿತು? ಹೀಗೆ ಬಲದಿಂದ, ಎಡದಿಂದ, ಮೇಲಿನಿಂದ ಮಾಡುತ್ತಾ ಹೋಗಿ. ಪ್ರತಿ ಸಲವೂ ಗುರುತು ದಾಟಿ ಹೋಗುತ್ತಿದ್ದರೆ ಸೆನ್ಸಿಟಿವಿಟಿ ಇಳಿಸಿ. ಪ್ರತಿ ಸಲವೂ ಮುಟ್ಟದೆ ನಿಲ್ಲುತ್ತಿದ್ದರೆ ಏರಿಸಿ. ಒಮ್ಮೆ ಆಚೆ, ಒಮ್ಮೆ ಈಚೆ ಅಂತ ಚೆಲ್ಲಾಪಿಲ್ಲಿ ಆದರೆ ಸಂಖ್ಯೆ ಮುಟ್ಟಬೇಡಿ. ಅದು ಕೈಗೆ ರೂಢಿ ಇಲ್ಲದ್ದು, ಆಡುತ್ತಾ ಸರಿಯಾಗುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ದಿನಾ ಸೆಟ್ಟಿಂಗ್ ಬದಲಿಸುವವರ ಕೈ ಯಾವತ್ತೂ ಏನನ್ನೂ ಕಲಿಯುವುದಿಲ್ಲ.

ಆಮೇಲೆ ಚಾವಣಿಯ ಅಂಚಿನ ಮೇಲೆ ಗುರಿಯನ್ನು ನಿಧಾನಕ್ಕೆ ಎಳೆದುಕೊಂಡು ಹೋಗಿ. ನುಣ್ಣಗೆ ಸಾಗಬೇಕು. ಮೆಟ್ಟಿಲು ಮೆಟ್ಟಿಲಾಗಿ ಹಾರಿದರೆ ಸೆನ್ಸರ್ ಒರಟು, ಇಲ್ಲವೇ ಫ್ರೇಮ್ ಬೀಳುತ್ತಿದೆ, ಅಂದರೆ ಫೋನ್ ಚಿತ್ರ ತೋರಿಸುವುದರಲ್ಲಿ ಹಿಂದೆ ಬೀಳುತ್ತಿದೆ.

ಕೊನೆಗೆ ಎಂ416 ಬಂದೂಕಿಗೆ 3ಎಕ್ಸ್ ಸ್ಕೋಪ್ ಹಾಕಿ ಪೂರ್ತಿ ಮ್ಯಾಗಜೀನ್ ಗೋಡೆಗೆ ಖಾಲಿ ಮಾಡಿ. ಮೊದಲು ಜೈರೋ ಇಲ್ಲದೆ, ಆಮೇಲೆ ಜೈರೋ ಇಟ್ಟುಕೊಂಡು. ಬಂದೂಕು ಮೇಲಕ್ಕೆ ಏಳುವಾಗ ಫೋನಿನ ಮೇಲಂಚನ್ನು ಮೆಲ್ಲಗೆ ಮುಂದಕ್ಕೆ ವಾಲಿಸಬೇಕು. ಎರಡೂ ಗುಂಡಿನ ಗುರುತುಗಳನ್ನು ಪಕ್ಕ ಪಕ್ಕ ನೋಡಿ. ನಿಮ್ಮ ಹೆಬ್ಬೆರಳಿಗೆ ವರ್ಷಗಳ ಅಭ್ಯಾಸ ಇದೆ, ಮಣಿಕಟ್ಟು ಇನ್ನೂ ಮೊನ್ನೆ ಶಾಲೆಗೆ ಸೇರಿದೆ. ಹಾಗಾಗಿ ಮೊದಲ ದಿನದ ಗೋಡೆ ನೋಡಿ ತೀರ್ಪು ಬೇಡ. ದಿನಾ ಸ್ವಲ್ಪ ಹೊತ್ತು ಇದನ್ನೇ ಮಾಡಿ, ವಾರ ಕಳೆದ ಮೇಲಿನ ಗೋಡೆ ನೋಡಿ. ಆಗಲೂ ಗುರುತುಗಳು ಹತ್ತಿರ ಬರದಿದ್ದರೆ ಆರಾಮಾಗಿ ಜೈರೋ ಆಫ್ ಮಾಡಿ. ಹಾಸ್ಟೆಲಿನವರಿಗೆ ನನ್ನ ಹೆಸರು ಹೇಳಿ.

ಹಾಂ, ಬಸ್ಸಿನಲ್ಲಿ ಆಡುವಾಗ ಆಫ್ ಮಾಡಿಕೊಳ್ಳಿ. ಫೋನ್ ತಿರುಗಿದ್ದು ನಿಮ್ಮ ಕೈಯಿಂದಲೋ ಬಸ್ಸಿನಿಂದಲೋ ಅಂತ ಜೈರೋಗೆ ಗೊತ್ತಾಗುವುದಿಲ್ಲ. ಆಗುಂಬೆ ಘಾಟಿಯಲ್ಲಿ ಡ್ರೈವರ್ ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ನಿಮ್ಮ ಬಂದೂಕೂ ತಿರುಗುತ್ತದೆ.

ನನ್ನ ಫೋನಿನಲ್ಲಿ ಜೈರೋ ಆನ್ ಆಗುತ್ತೆ, ಆದರೆ ಗುರಿ ತಡವಾಗಿ ಹೋಗುತ್ತೆ, ನಡುಗುತ್ತೆ. ಸೆನ್ಸರ್ ನೋಡುವ ಆಪ್‌ನಲ್ಲಿ 'ವರ್ಚುವಲ್ ಜೈರೋಸ್ಕೋಪ್' ಅಂತ ತೋರಿಸ್ತಿದೆ. ಏನು ಹಾಗಂದ್ರೆ?
– ಮೊಬೈಲ್ ಅಂಗಡಿ ಕೆಲಸಗಾರ, ಗದಗ

ನಿಮ್ಮ ಫೋನಿನಲ್ಲಿ ಜೈರೋ ಚಿಪ್ ಇಲ್ಲ ಅಂತ ಅರ್ಥ. ನಿಜವಾದ ಜೈರೋ ಅಂದರೆ ಚಿಪ್ಪಿನೊಳಗೆ ಸದಾ ಕಂಪಿಸುತ್ತಿರುವ ಒಂದು ಸೂಕ್ಷ್ಮ ಭಾಗ. ಫೋನ್ ತಿರುಗಿದರೆ ಆ ಕಂಪನ ಪಕ್ಕಕ್ಕೆ ಓರೆಯಾಗುತ್ತದೆ, ಎಷ್ಟು ಓರೆಯಾಯಿತು ಅನ್ನುವುದರಿಂದ ತಿರುಗಿದ ವೇಗ ತಿಳಿಯುತ್ತದೆ. ಕಡಿಮೆ ಬೆಲೆಯ ಕೆಲವು ಫೋನುಗಳಲ್ಲಿ ಇದನ್ನು ಬಿಟ್ಟು, ಅಕ್ಸೆಲೆರೋಮೀಟರ್ (ಫೋನಿನ ವಾಲಿಕೆ, ಚಲನೆ ಅಳೆಯುವ ಸೆನ್ಸರ್) ಮತ್ತು ದಿಕ್ಸೂಚಿ ಎರಡರ ಲೆಕ್ಕ ಸೇರಿಸಿ "ಹೀಗೆ ತಿರುಗಿರಬಹುದು" ಅಂತ ಅಂದಾಜು ಕಟ್ಟುತ್ತಾರೆ. ಅದೇ ವರ್ಚುವಲ್. ಫೋನ್ ಅಡ್ಡ ಮಾಡಿದಾಗ ವಿಡಿಯೋ ಅಡ್ಡ ಆಗುವುದಕ್ಕೆಲ್ಲ ಈ ಜೋಡಿ ಸಾಕು. ಗುರಿ ಇಡಲು ಸಾಲದು. ಅಂದಾಜನ್ನು ನುಣುಪು ಮಾಡಲು ಹೋದರೆ ತಡವಾಗುತ್ತದೆ, ತಡ ಆಗದಿರಲಿ ಅಂದರೆ ನಡುಗುತ್ತದೆ. ನಿಮಗೆ ಎರಡೂ ಸಿಕ್ಕಿದೆ.

ಕವರ್‌ನಲ್ಲಿ ಮ್ಯಾಗ್ನೆಟ್ ಇದ್ದರೆ ತೆಗೆದು ನೋಡಿ. ನಿಜವಾದ ಜೈರೋಗೆ ಮ್ಯಾಗ್ನೆಟ್‌ನಿಂದ ತೊಂದರೆ ಇಲ್ಲ, ದಿಕ್ಸೂಚಿಗೆ ಇದೆ. ಸ್ವಲ್ಪ ಸುಧಾರಿಸಬಹುದು. ಅಂಗಡಿಯಲ್ಲೇ ಇದ್ದೀರಲ್ಲ, ಗಿರಾಕಿಗಳು ಗೇಮಿಂಗ್ ಫೋನ್ ಕೇಳಿದಾಗ ಸ್ಪೆಸಿಫಿಕೇಶನ್ ಪಟ್ಟಿಯಲ್ಲಿ ಜೈರೋದ ಸಾಲನ್ನು ಓದಿ ಹೇಳಿ.

ಮೇಡಂ, ನಮ್ಮ ಭಾವ ಅಮೆರಿಕದಿಂದ ವಾಪಸ್ ಬರುವಾಗ ಟಿವಿಗೆ ಹಾಕಿ ಆಡುವ ಹಳೇ ನಿಂಟೆಂಡೊ ವೀ ತಂದಿದ್ದರು. 'ರೆಡ್ ಸ್ಟೀಲ್' ಆಟ ಹಾಕಿ ನೋಡಿದೆ. ಬಂದೂಕು ಆಡುತ್ತೆ, ಆದರೆ ಹಿಂದೆ ತಿರುಗೋಕೆ ಒಂದು ಯುಗ ಬೇಕು. ಕೈ ಎಲ್ಲಿಗೆ ತೋರಿಸಿದರೂ ಟಿವಿ ಮೇಲಿನ ಗುರಿಯ ಬಾಣ ನಡುಗುತ್ತೆ. ಶೂಟಿಂಗ್ ಆಟಕ್ಕೆ ಮೋಷನ್ ಕಂಟ್ರೋಲ್ ಲಾಯಕ್ಕಿಲ್ಲ ಅಂತ ನನ್ನ ತೀರ್ಮಾನ. ಸರಿ ತಾನೇ?
– ಬ್ಯಾಂಕ್ ನೌಕರ, ಧಾರವಾಡ

ಆ ಒಂದು ಆಟಕ್ಕೆ ನಿಮ್ಮ ತೀರ್ಮಾನ ಹೊಂದುತ್ತದೆ. ಎಲ್ಲದಕ್ಕೂ ಹಿಗ್ಗಿಸಬೇಡಿ. ಇಂಥ ತೀರ್ಪು ಹೇಳುವವರು ಬಹಳ ಜನ ಸಿಗುತ್ತಾರೆ. ಅವರೆಲ್ಲ ವೀ ಕಾಲದ ನೆನಪಿಟ್ಟುಕೊಂಡು ಇವತ್ತಿನ ಜೈರೋವನ್ನು ಬೈಯುವವರು. ಎರಡೂ ಬೇರೆ ಬೇರೆ ವಸ್ತು.

ವೀ 2006ರ ನವೆಂಬರಿನಲ್ಲಿ ಬಂತು, ಯೂಬಿಸಾಫ್ಟ್‌ನವರ 'ರೆಡ್ ಸ್ಟೀಲ್' ಅದರ ಜೊತೆಗೇ ಬಂತು. ಆಗಿನ ವೀ ರಿಮೋಟಿನಲ್ಲಿ ಜೈರೋ ಇರಲೇ ಇಲ್ಲ. ಅಕ್ಸೆಲೆರೋಮೀಟರ್ ಮತ್ತು ಮೂತಿಯಲ್ಲಿ ಒಂದು ಇನ್ಫ್ರಾರೆಡ್ ಕ್ಯಾಮೆರಾ, ಅಷ್ಟೇ. ಟಿವಿ ಹತ್ತಿರ ಇಡುವ "ಸೆನ್ಸರ್ ಬಾರ್" ಒಳಗೆ ಸೆನ್ಸರ್ ಇಲ್ಲ, ಎರಡು ತುದಿಯಲ್ಲಿ ಇನ್ಫ್ರಾರೆಡ್ ದೀಪಗಳಿವೆ. ರಿಮೋಟ್ ಆ ಎರಡು ಬೆಳಕನ್ನು ನೋಡಿ ತಾನು ಎತ್ತ ಮುಖ ಮಾಡಿದ್ದೇನೆ ಅಂತ ಲೆಕ್ಕ ಹಾಕುತ್ತದೆ. ಬಾರ್ ಕೆಟ್ಟಿದ್ದರೆ ಎರಡು ಮೇಣದಬತ್ತಿ ಹಚ್ಚಿಟ್ಟರೂ ಕೆಲಸ ನಡೆಯುತ್ತದೆ, ತಮಾಷೆ ಅಲ್ಲ. ಕಿಟಕಿ ಪರದೆಗೆ ಬೆಂಕಿ ತಗಲಿದರೆ ಮಾತ್ರ ನನ್ನನ್ನು ಕೇಳಬೇಡಿ.

ನಿಮ್ಮ ಬಾಣ ನಡುಗುವುದಕ್ಕೂ ಇದೇ ಕಾರಣ ಇರಬಹುದು. ಟಿವಿ ಹಿಂದೆ ಕಿಟಕಿ ಇದೆಯಾ? ಬಿಸಿಲಿನಲ್ಲೂ ಇನ್ಫ್ರಾರೆಡ್ ಇದೆ. ಕ್ಯಾಮೆರಾಗೆ ಗಲಿಬಿಲಿ ಆಗುತ್ತದೆ. ಕಿಟಕಿ ಪರದೆ ಎಳೆಯಿರಿ. ಬಾರ್ ಟಿವಿ ಮೇಲಿದೆಯೋ ಕೆಳಗಿದೆಯೋ ಅನ್ನುವುದನ್ನು ವೀ ಸೆಟ್ಟಿಂಗ್ಸ್‌ನಲ್ಲಿ ಹೇಳಬೇಕು, ಅದನ್ನೂ ನೋಡಿ. ಹೊಸ ಟಿವಿಯಾದರೆ ಗೇಮ್ ಮೋಡ್ ಹಾಕಿ. ಇಲ್ಲದಿದ್ದರೆ ಟಿವಿ ಚಿತ್ರವನ್ನು ಚೆಂದ ಮಾಡುತ್ತಾ ಕೂರುತ್ತದೆ, ನಿಮ್ಮ ಕೈ ಒಂದು ಕಡೆ, ಬಾಣ ಒಂದು ಕಡೆ ಆಗುತ್ತದೆ.

ಈಗ ತಿರುಗುವ ವಿಷಯ. ತೋರಿಸಿ ಗುರಿ ಇಡುವುದರಲ್ಲಿ ಒಂದು ತೊಡಕಿದೆ. ಟಿವಿಯ ಅಂಚಿನವರೆಗೆ ತೋರಿಸಿದಿರಿ, ಅಲ್ಲಿಂದಾಚೆ? ಹಿಂದೆ ಇರುವವನನ್ನು ಹೇಗೆ ತೋರಿಸುತ್ತೀರಿ? ಅದಕ್ಕೆ ಆಟ ಮಾಡಿದವರು ಟಿವಿ ಪರದೆಯ ನಡುವೆ ಕಾಣದ ಒಂದು ಚೌಕ ಇಟ್ಟರು. ಬಾಣ ಚೌಕದೊಳಗಿದ್ದರೆ ಬಂದೂಕು ಮಾತ್ರ ಆಡುತ್ತದೆ. ಚೌಕ ದಾಟಿದರೆ ಕ್ಯಾಮೆರಾ ತಿರುಗಲು ಶುರು. ಗಮನಿಸಿ, ಆ ತಿರುಗುವಿಕೆ ಮತ್ತೆ ಸ್ಟಿಕ್ಕಿನ ಹಾಗೆ ವೇಗದ ಲೆಕ್ಕ. ಒಂದೇ ಕೈಯಲ್ಲಿ ಎರಡು ನಿಯಮ. ಚೌಕ ದೊಡ್ಡದಾದರೆ ಗುರಿ ನೆಮ್ಮದಿ, ತಿರುಗುವುದು ಪೀಡೆ. ಚಿಕ್ಕದಾದರೆ ಬೇಗ ತಿರುಗಬಹುದು, ಆದರೆ ಕೈ ಮಿಸುಕಿದರೆ ಸಾಕು ಇಡೀ ಕೋಣೆ ಓಲಾಡುತ್ತದೆ. ನಿಮ್ಮ ಆಟದಲ್ಲಿ ಚೌಕ ದೊಡ್ಡದು.

ಇದನ್ನೇ ಜಾಣತನದಿಂದ ಮಾಡಿದವರೂ ಇದ್ದಾರೆ. 2007ರ 'ಮೆಟ್ರಾಯ್ಡ್ ಪ್ರೈಮ್ 3' ಸಿಕ್ಕರೆ ಹಾಕಿ. ಮಾಡಿದ್ದು ರೆಟ್ರೋ ಸ್ಟುಡಿಯೋಸ್. ಅದರಲ್ಲಿ ಸೆನ್ಸಿಟಿವಿಟಿ ಮೂರು ಥರ ಇದೆ, "ಅಡ್ವಾನ್ಸ್ಡ್" ಆರಿಸಿ. ಜೊತೆಗೆ ಒಂದು ಬಟನ್ ಹಿಡಿದರೆ ಕ್ಯಾಮೆರಾ ಶತ್ರುವಿನ ಮೇಲೆ ನಿಲ್ಲುತ್ತದೆ, ಗುರಿ ಮಾತ್ರ ನಿಮ್ಮ ಕೈಯಲ್ಲಿ. ತಿರುಗುವ ಚಿಂತೆಯನ್ನು ಬಟನ್ನಿಗೆ ಕೊಟ್ಟು, ಗುರಿಯನ್ನು ಕೈಗೆ ಬಿಟ್ಟರು. ನನಗೆ ವೀಯಲ್ಲಿ ಇವತ್ತಿಗೂ ಇಷ್ಟ ಇದೇ. 2009ರ 'ದಿ ಕಾಂಡ್ಯೂಟ್' ಆಟವಾಗಿ ಸಾಧಾರಣ, ಎಲ್ಲ ಬೂದು ಬೂದು ಕಾರಿಡಾರು. ಆದರೆ ಚೌಕದ ಅಳತೆ, ತಿರುಗುವ ವೇಗ ಎಲ್ಲವನ್ನೂ ಆಡುವವರ ಕೈಗೇ ಕೊಟ್ಟರು. ಆ ಮೆನು ನೋಡಲಾದರೂ ಅದನ್ನು ಒಮ್ಮೆ ಹಾಕಬೇಕು.

ಸೆನ್ಸರ್ ಇನ್ನೂ ಚುರುಕಾಗಿದ್ದರೆ ಸರಿಹೋಗುತ್ತಿತ್ತೇನೋ ಅನ್ನಿಸಬಹುದು. ಸೋನಿಯವರು 2010ರಲ್ಲಿ ಹೊಳೆಯುವ ಗೋಲದ ಮೂವ್ ಕಂಟ್ರೋಲರ್ ತಂದರು, ಮರುವರ್ಷದ 'ಕಿಲ್‌ಝೋನ್ 3' ಅದರಲ್ಲಿ ಆಡಬಹುದಿತ್ತು. ಗುರಿ ಚುರುಕು. ತಿರುಗುವಾಗ ಮತ್ತೆ ಅದೇ ಅಂಚು ತಳ್ಳುವ ಕೆಲಸ. ಬರಿಗೈಯಲ್ಲಿ ಆಡಿಸುವ ಕಿನೆಕ್ಟ್ ಬಗ್ಗೆ ಮಾತೇ ಬೇಡ. ಟ್ರಿಗರ್ರೇ ಇಲ್ಲದೆ ಶೂಟಿಂಗ್ ಏನು ಬಂತು?

ದಾರಿ ಸಿಕ್ಕಿದ್ದು ತೋರಿಸುವುದನ್ನು ಬಿಟ್ಟಾಗ. 2015ರಲ್ಲಿ ವೀ ನಂತರದ ವೀ ಯೂಗೆ ಬಂದ 'ಸ್ಪ್ಲಟೂನ್'ನಲ್ಲಿ ಕ್ಯಾಮೆರಾ ಪಾತ್ರದ ಹಿಂದಿರುತ್ತದೆ, ಹಾಗಾಗಿ ಪಾತ್ರದ ಕಣ್ಣಿಂದಲೇ ನೋಡುವ ಫಸ್ಟ್ ಪರ್ಸನ್ ಅಲ್ಲ. ಆದರೆ ಸ್ಟಿಕ್ಕಿನಲ್ಲಿ ದೊಡ್ಡ ತಿರುವು, ಜೈರೋದಲ್ಲಿ ತಿದ್ದುಪಡಿ ಅನ್ನುವ ಜೋಡಿಯನ್ನು ಎಷ್ಟೋ ಜನರಿಗೆ ರೂಢಿ ಮಾಡಿಸಿದ್ದು ಅದು. ಚೌಕವೂ ಇಲ್ಲ, ಅಂಚೂ ಇಲ್ಲ. 2018ರಲ್ಲಿ ನಿಂಟೆಂಡೊ ಸ್ವಿಚ್‌ನ 'ಡೂಮ್'ಗೂ ಅಪ್‌ಡೇಟ್‌ನಲ್ಲಿ ಜೈರೋ ಸೇರಿಸಿದರು. ಅಂಥ ಒಂದನ್ನು ಯಾರದಾದರೂ ಮನೆಯಲ್ಲಿ ಆಡಿ ನೋಡಿ, ಆಮೇಲೆ ಮತ್ತೆ ಬರೆಯಿರಿ. ಆಗಲೂ ಲಾಯಕ್ಕಿಲ್ಲ ಅನ್ನಿಸಿದರೆ ಜಗಳ ಆಡೋಣ.

ನನ್ನ ಮಗ ಫೋನಿನ ಜೊತೆ ಕತ್ತು, ಭುಜ ಎಲ್ಲ ತಿರುಗಿಸಿಕೊಂಡು ಆಡುತ್ತಾನೆ. ಕೇಳಿದರೆ ಜೈರೋ ಅಂತಾನೆ. ಕೈಗೆ, ಕತ್ತಿಗೆ ಏನೂ ಆಗಲ್ವಾ?
– ಗೃಹಿಣಿ, ಮೈಸೂರು

ಅಷ್ಟೊಂದು ಮೈ ತಿರುಗಿಸುತ್ತಿದ್ದಾನೆ ಅಂದರೆ ಸೆನ್ಸಿಟಿವಿಟಿ ತೀರಾ ಕಡಿಮೆ ಇದೆ, ಇಲ್ಲವೇ ದೊಡ್ಡ ತಿರುವಿಗೂ ಜೈರೋ ಬಳಸುತ್ತಿದ್ದಾನೆ ಅಮ್ಮ. ಮೇಲಿನ ದಾವಣಗೆರೆ ಹುಡುಗನ ಉತ್ತರವನ್ನು ಅವನಿಗೆ ಓದಲು ಕೊಡಿ. ಸರಿಯಾಗಿ ಹೊಂದಿಸಿಕೊಂಡರೆ ಮಣಿಕಟ್ಟು ಕೊಂಚ ಆಡಿದರೆ ಸಾಕು, ಪಕ್ಕದಲ್ಲಿ ಕೂತವರಿಗೆ ಗೊತ್ತೂ ಆಗುವುದಿಲ್ಲ. ಮೊಣಕೈಗೆ ದಿಂಬೋ ಮೇಜೋ ಆಸರೆ ಇರಲಿ. ಮಲಗಿಕೊಂಡು, ಫೋನನ್ನು ಮುಖದ ಮೇಲೆ ಎತ್ತಿ ಹಿಡಿದು ಆಡುವುದು ಬೇಡ. ಬೆರಳು ಜೋಮು ಹಿಡಿಯುತ್ತದೆ, ಮಣಿಕಟ್ಟು ನೋಯುತ್ತದೆ ಅಂದರೆ ಆಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಅದು ನನ್ನ ಅಂಕಣದ ಕೆಲಸ ಅಲ್ಲ.

ಜೈರೋ ಬಳಸುವುದು ಮೋಸ ಅಲ್ವಾ? ನನ್ನ ತಮ್ಮ ಅದರಿಂದಲೇ ಗೆಲ್ಲುತ್ತಾನೆ.
– ಓದುಗ, ಬೆಳಗಾವಿ

ಅಲ್ಲ. ಆಟದ ಸೆಟ್ಟಿಂಗ್ಸ್‌ನಲ್ಲೇ ಇದೆ, ನಿಮಗೂ ಇದೆ. ಗುರಿಯನ್ನು ಶತ್ರುವಿನ ಕಡೆ ತಾನೇ ಎಳೆಯುವ ಏಮ್ ಅಸಿಸ್ಟ್ ಬಗ್ಗೆ ಯಾರೂ ಹೀಗೆ ಕೇಳುವುದಿಲ್ಲ ನೋಡಿ. ತಮ್ಮನಿಗೆ ನನ್ನ ಅಭಿನಂದನೆ ತಿಳಿಸಿ.

ಪಿಸಿಯಲ್ಲಿ ಎಕ್ಸ್‌ಬಾಕ್ಸ್ ಕಂಟ್ರೋಲರ್ ಬಳಸ್ತೀನಿ. ಮೌಸ್‌ನವರ ಎದುರು ಏನೂ ಆಗಲ್ಲ. ಜೈರೋ ಜೊತೆ 'ಫ್ಲಿಕ್ ಸ್ಟಿಕ್' ಅಂತ ಏನೋ ಇದೆಯಂತೆ, ಅದನ್ನು ಪ್ರಯತ್ನ ಮಾಡಬೇಕಾ? ಸೆಕೆಂಡ್ ಹ್ಯಾಂಡ್ ಡ್ಯುಯಲ್‌ಶಾಕ್ 4 ಒಂದು ಸಿಗ್ತಿದೆ.
– ಸಾಫ್ಟ್‌ವೇರ್ ಉದ್ಯೋಗಿ, ಮಂಗಳೂರು

ಎಕ್ಸ್‌ಬಾಕ್ಸ್ ಕಂಟ್ರೋಲರಿನಲ್ಲಿ ಜೈರೋ ಇಲ್ಲ. ಪ್ಲೇಸ್ಟೇಷನ್‌ನ ಡ್ಯುಯಲ್‌ಶಾಕ್ 4, ಡ್ಯುಯಲ್‌ಸೆನ್ಸ್, ನಿಂಟೆಂಡೊದ ಸ್ವಿಚ್ ಪ್ರೋ ಕಂಟ್ರೋಲರ್‌ಗಳಲ್ಲಿ ಇದೆ. ಹಾಗಾಗಿ ಡ್ಯುಯಲ್‌ಶಾಕ್ 4 ಒಳ್ಳೆಯ ಆಯ್ಕೆ.

ಫ್ಲಿಕ್ ಸ್ಟಿಕ್ ಜಿಬ್ ಸ್ಮಾರ್ಟ್ ಎಂಬ ಡೆವಲಪರ್ ತಂದ ಪದ್ಧತಿ. ಬಲ ಸ್ಟಿಕ್ಕನ್ನು ಯಾವ ದಿಕ್ಕಿಗೆ ತಳ್ಳುತ್ತೀರೋ ಕ್ಯಾಮೆರಾ ನೇರವಾಗಿ ಆ ದಿಕ್ಕಿಗೆ ತಿರುಗಿ ನಿಲ್ಲುತ್ತದೆ. ಹಿಂದಕ್ಕೆ ತಳ್ಳಿದರೆ ಪೂರ್ತಿ ಹಿಂದೆ. ಸ್ಟಿಕ್ಕನ್ನು ಅಂಚಿನಲ್ಲೇ ಸುತ್ತಿಸಿದರೆ ನೋಟವೂ ಅಷ್ಟೇ ಸುತ್ತುತ್ತದೆ. ಮೇಲೆ ಕೆಳಗೆ ನೋಡುವುದು ಪೂರ್ತಿ ಜೈರೋ ಕೆಲಸ. ಇಲ್ಲಿ ಸ್ಟಿಕ್ಕೂ ವೇಗದ ಲೆಕ್ಕ ಬಿಟ್ಟು "ಇಷ್ಟು ತಿರುಗು" ಅನ್ನುವ ಕಡೆ ಬಂತು. ಪಿಸಿ ಆಟಗಳ ಅಂಗಡಿಯಾದ ಸ್ಟೀಮ್‌ನ ಕಂಟ್ರೋಲರ್ ಸೆಟ್ಟಿಂಗ್ಸ್‌ನಲ್ಲಿ ಇದು ಸಿಗುತ್ತದೆ, 'ಫೋರ್ಟ್‌ನೈಟ್' 2022ರಲ್ಲಿ ಆಟದೊಳಗೇ ಸೇರಿಸಿತು. ಬಯಲಿನ ಆಟಗಳಲ್ಲಿ, ಹಿಂದಿನಿಂದ ಗುಂಡು ಬಂದಾಗ, ಇದು ಬಹಳ ಚೆನ್ನ. ಮೇಲಿನ ಮಹಡಿ, ಕೆಳಗಿನ ಮಹಡಿ ಅಂತ ಓಡಾಡುವ ಆಟಗಳಲ್ಲಿ ನನಗೆ ಸಾಮಾನ್ಯ ಸ್ಟಿಕ್ ಜೊತೆ ಜೈರೋ ಇದ್ದರೇ ಹಿತ. ಕತ್ತೆತ್ತಲು ಪ್ರತಿ ಸಲ ಮಣಿಕಟ್ಟು ಎತ್ತುವುದು ನನಗಾಗದು.

ಕಂಟ್ರೋಲರ್ 1 ಡಿಗ್ರಿ ತಿರುಗಿದರೆ ಆಟ ಎಷ್ಟು ಡಿಗ್ರಿ ತಿರುಗಬೇಕು ಅನ್ನುವ ಲೆಕ್ಕದಲ್ಲಿ ಹೊಂದಿಸಲು ಬಂದರೆ 2ರಿಂದ 4ರ ನಡುವೆ ಶುರು ಮಾಡಿ. ಜೈರೋ ಆಫ್ ಮಾಡುವ ಒಂದು ಬಟನ್ ಖಂಡಿತ ಇಟ್ಟುಕೊಳ್ಳಿ. ಒಂದು ಕಿರಿಕಿರಿ ಎದುರಾಗಬಹುದು. ಜೈರೋವನ್ನು ಮೌಸ್ ಅಂತ ಕಳಿಸಿ, ನಡೆಯುವುದನ್ನು ಕಂಟ್ರೋಲರ್ ಅಂತ ಕಳಿಸಿದರೆ ಕೆಲವು ಆಟಗಳಿಗೆ ಗೊಂದಲವಾಗಿ ಪರದೆಯ ಬಟನ್ ಚಿತ್ರಗಳು ಕ್ಷಣಕ್ಕೊಮ್ಮೆ ಬದಲಾಗುತ್ತವೆ, ಇಲ್ಲವೇ ಎರಡರಲ್ಲಿ ಒಂದು ನಿಂತುಹೋಗುತ್ತದೆ. ಅಂಥ ಆಟದಲ್ಲಿ ಎಲ್ಲವನ್ನೂ ಕೀಬೋರ್ಡ್, ಮೌಸ್ ಅಂತಲೇ ಕಳಿಸಬೇಕು.

ದುಡ್ಡು ಕೊಡುವ ಮೊದಲು ಲ್ಯಾಪ್‌ಟಾಪ್ ತಗೊಂಡು ಹೋಗಿ. ಕಂಟ್ರೋಲರನ್ನು ಮೇಜಿನ ಮೇಲಿಟ್ಟು ಸ್ಟೀಮ್‌ನಲ್ಲಿ ಜೈರೋ ಸುಮ್ನಿದೆಯಾ ನೋಡಿ, ಎರಡೂ ಸ್ಟಿಕ್ ಬಿಟ್ಟಾಗ ನಡುವಿಗೆ ಬರುತ್ತವಾ ನೋಡಿ, ಚಾರ್ಜಿಂಗ್ ಪೋರ್ಟ್ ಸಡಿಲ ಇದೆಯಾ ಅಲುಗಾಡಿಸಿ ನೋಡಿ. ಬಾಕ್ಸ್ ಇಲ್ಲದಿದ್ದರೂ ನಡೆಯುತ್ತದೆ, ಕೇಬಲ್ ಮಾತ್ರ ಕೇಳಿ ಇಸ್ಕೊಳ್ಳಿ.